ಕೊನೆಯ ನೂರು ಮೀಟರ್: ಮಾನುಯೆಲ್ ಫ್ರಿಗೊ ಮತ್ತು ಇಟಲಿಯ ರಿಲೇ ಲೆಕ್ಕ

ಒಲಿಂಪಿಕ್ಸ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಬೆಳ್ಳಿ, ಕಂಚು. ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ. ಇಷ್ಟೆಲ್ಲ ಗೆದ್ದವರ ಹೆಸರು ಮಾನುಯೆಲ್ ಫ್ರಿಗೊ. ಈಜು ಸ್ಪರ್ಧೆಗಳನ್ನು ಬಿಡದೆ ನೋಡುವವರಿಗೂ ಈ ಹೆಸರು ತಕ್ಷಣ ನೆನಪಿಗೆ ಬರುವುದಿಲ್ಲ. ಯಾಕಂದ್ರೆ ಈ ಪದಕಗಳಲ್ಲಿ ಒಂದೂ ಅವರೊಬ್ಬರ ಹೆಸರಿನಲ್ಲಿಲ್ಲ. ಎಲ್ಲವೂ 4x100 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ಬಂದವು. ಟಿವಿ ಪರದೆಯ ಮೇಲೆ ಮೊದಲು ಮೂಡುವುದು ದೇಶದ ಹೆಸರು, ಆಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕು ಹೆಸರು.

ಇಂಥ ಈಜುಗಾರರನ್ನು ಕಂಡರೆ ಕೆಲವರಿಗೆ ಒಂದು ಅನುಮಾನ. ಬೇರೆಯವರ ಹೆಗಲೇರಿ ಪದಕ ಗೆದ್ದರಾ ಇವರು? ಫ್ರಿಗೊ ಈಜಿದ ಫೈನಲ್‌ಗಳ ಸಮಯಗಳನ್ನು ಸುಮ್ನೆ ಒಂದು ಹಾಳೆಯ ಮೇಲೆ ಬರೆದುಕೊಂಡು ನೋಡಿ. ಅನುಮಾನ ಪೂರ್ತಿ ಹೋಗುತ್ತದೆ. ರಿಲೇ ಈಜು ಬೇರೆಯದೇ ಒಂದು ಕೆಲಸ. ಅದಕ್ಕೆ ಅದರದೇ ಕೌಶಲ ಇದೆ, ಅದರದೇ ಲೆಕ್ಕ ಇದೆ. ಕಳೆದ ಕೆಲವು ವರ್ಷಗಳಲ್ಲಿ ಆ ಲೆಕ್ಕವನ್ನು ಇಟಲಿಯಷ್ಟು ಚೆನ್ನಾಗಿ ಬಿಡಿಸಿದ ದೇಶ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಮೊದಲು ಆಟದ ರೂಪ ನೋಡೋಣ. ಕೊಳದ ಉದ್ದ 50 ಮೀಟರ್. ಒಂದು ತಂಡದಲ್ಲಿ ನಾಲ್ವರು. ಪ್ರತಿಯೊಬ್ಬರೂ ಹೋಗಿ, ತಿರುಗಿ, ವಾಪಸ್ ಬರಬೇಕು. ಹಾಗಾಗಿ ನಾಲ್ವರೂ ಜಿಗಿಯುವುದು ಕೊಳದ ಒಂದೇ ತುದಿಯಿಂದ. ಫ್ರೀಸ್ಟೈಲ್ ಅಂದ್ರೆ ನಿಯಮದ ಪ್ರಕಾರ ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು. ಎಲ್ಲಕ್ಕಿಂತ ವೇಗ ಬರುವುದು ಬೋರಲಾಗಿ ಕೈಗಳನ್ನು ಒಂದಾದ ಮೇಲೊಂದು ಬೀಸುವ ಕ್ರಾಲ್‌ನಲ್ಲಿ, ಅದಕ್ಕೇ ಎಲ್ಲರೂ ಕ್ರಾಲ್ ಈಜುತ್ತಾರೆ. ಓಟದ ರಿಲೇಯಲ್ಲಿ ಕೈಗೆ ಕೋಲು ಕೊಡುವ ಪದ್ಧತಿ ಇದೆ ಅಲ್ವಾ? ಈಜಿನಲ್ಲಿ ಕೋಲಿಲ್ಲ. ನೀರಿನಲ್ಲಿರುವವರ ಕೈ ಗೋಡೆಗೆ ತಾಗಬೇಕು, ಆಮೇಲೆ ಮೇಲೆ ನಿಂತವರ ಕಾಲು ಜಿಗಿಯುವ ಕಟ್ಟೆ ಬಿಡಬೇಕು. ಗೋಡೆಗೆ ಸ್ಪರ್ಶ ಗುರುತಿಸುವ ಫಲಕ ಹಚ್ಚಿರುತ್ತಾರೆ, ಕಟ್ಟೆಯಲ್ಲೂ ಸೆನ್ಸರ್ ಇರುತ್ತದೆ. ಇವೆರಡರ ನಡುವಿನ ಅಂತರವನ್ನು ಯಂತ್ರ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತದೆ.

ರಿಲೇಯ ಮರ್ಮ ಇರುವುದೇ ಆ ಅಂತರದಲ್ಲಿ. ಒಬ್ಬರೇ ಈಜುವ ಸ್ಪರ್ಧೆಯಲ್ಲಿ ಈಜುಗಾರ ಕಟ್ಟೆಯ ಮೇಲೆ ಅಲುಗಾಡದೆ ಕಾಯಬೇಕು. ಸದ್ದು ಕೇಳಿಸಬೇಕು, ಮಿದುಳು ಅದನ್ನು ಹಿಡಿಯಬೇಕು, ಕಾಲು ತಳ್ಳಬೇಕು. ಕಾಲು ಕಟ್ಟೆ ಬಿಡುವಷ್ಟರಲ್ಲಿ 0.6ರಿಂದ 0.7 ಸೆಕೆಂಡು ಹೋಗಿರುತ್ತದೆ. ರಿಲೇಯಲ್ಲಿ ಎರಡನೇ, ಮೂರನೇ, ನಾಲ್ಕನೇ ಈಜುಗಾರರಿಗೆ ಸದ್ದಿನ ಹಂಗಿಲ್ಲ. ಸಂಗಾತಿ ಹತ್ತಿರ ಬರುವುದು ಅವರ ಕಣ್ಣಿಗೇ ಕಾಣುತ್ತದೆ. ಕೈ ಬೀಸಲು ಶುರು ಮಾಡಬಹುದು, ಕಟ್ಟೆಯ ಮೇಲೆ ಹೆಜ್ಜೆ ಮುಂದಿಡಬಹುದು, ಮೈಯನ್ನು ಮುಂದಕ್ಕೆ ವಾಲಿಸಬಹುದು. ಸಂಗಾತಿಯ ಬೆರಳು ಗೋಡೆಗೆ ತಾಗುವ ಗಳಿಗೆಯಲ್ಲಿ ಕಾಲಿನ ತುದಿ ಮಾತ್ರ ಕಟ್ಟೆಯ ಮೇಲಿದ್ದರೆ ಸಾಕು. ಇದರಿಂದ ಅರ್ಧ ಸೆಕೆಂಡು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತದೆ. ಅದಕ್ಕೇ ರಿಲೇಯಲ್ಲಿ 47.6 ಸೆಕೆಂಡಿನಲ್ಲಿ ಈಜಿದವರು ಒಬ್ಬರೇ ಸ್ಪರ್ಧಿಸಿದರೆ 48 ದಾಟುತ್ತಾರೆ. ಎರಡು ಸಮಯಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಇದೇ ಕಾರಣಕ್ಕೆ ರಿಲೇಯಲ್ಲಿ ಮೊದಲು ಈಜಿದವರ ಸಮಯ ಮಾತ್ರ ಅಧಿಕೃತ ದಾಖಲೆಯ ಪುಸ್ತಕಕ್ಕೆ ಹೋಗುತ್ತದೆ, ಏಕೆಂದರೆ ಅವರು ಸದ್ದು ಕೇಳಿಯೇ ಜಿಗಿದಿರುತ್ತಾರೆ. 2024ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಚೀನಾದ ಪಾನ್ ಝಾನ್‌ಲೆ ರಿಲೇಯ ಮೊದಲ ನೂರು ಮೀಟರನ್ನು 46.80 ಸೆಕೆಂಡಿನಲ್ಲಿ ಮುಗಿಸಿದರು. ಅದು 100 ಮೀಟರ್ ಫ್ರೀಸ್ಟೈಲ್‌ನ ವಿಶ್ವದಾಖಲೆ ಆಯಿತು. ಅದೇ ಸಮಯವನ್ನು ಎರಡನೆಯವರಾಗಿ ಈಜಿ ಮಾಡಿದ್ದರೆ ಯಾವ ದಾಖಲೆಗೂ ಸೇರುತ್ತಿರಲಿಲ್ಲ.

ತೀರಾ ಬೇಗ ಜಿಗಿದರೆ ಏನಾಗುತ್ತದೆ? ಇಡೀ ತಂಡ ಅನರ್ಹ. ಯಂತ್ರದ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಇರಬಹುದು ಅಂತ 0.03 ಸೆಕೆಂಡಿನಷ್ಟು ಆತುರವನ್ನು ಮಾತ್ರ ಮನ್ನಿಸುತ್ತಾರೆ. ಈ ಮಟ್ಟದ ಈಜುಗಾರರು ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತಾರೆ. ಆ ಲೆಕ್ಕದಲ್ಲಿ 0.03 ಸೆಕೆಂಡು ಅಂದ್ರೆ ಸುಮಾರು ಆರು ಸೆಂಟಿಮೀಟರ್. ಮೇಲೆ ನಿಂತವರು ಬರುವವರ ತಲೆಯನ್ನು, ಕೊನೆಯ ಎರಡು ಕೈಬೀಸುಗಳನ್ನು ನೋಡಿ ಅಂದಾಜು ಕಟ್ಟಬೇಕು. ಬರುವವರು ಆ ಅಂದಾಜನ್ನು ಕೆಡಿಸಬಾರದು. ಗೋಡೆ ಹತ್ತಿರ ಬಂತೆಂದು ಕೈ ನಿಲ್ಲಿಸಿ ತೇಲಿದರೆ ಮೇಲಿನವರ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಳ್ಳೆಯ ರಿಲೇ ಈಜುಗಾರರು ತಲೆ ಎತ್ತದೆ, ಉಸಿರು ತೆಗೆದುಕೊಳ್ಳದೆ, ಅದೇ ಲಯದಲ್ಲಿ ಬಂದು ಗೋಡೆಗೆ ಹೊಡೆಯುತ್ತಾರೆ. ಇದು ಒಬ್ಬರೇ ಕೂತು ಕಲಿಯುವ ವಿದ್ಯೆಯಲ್ಲ, ಜೊತೆಗಾರರ ಲಯ ಗೊತ್ತಿರಬೇಕು.

ನಿಯಮಗಳು ಇನ್ನೂ ಇವೆ. ಒಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಲ್ಲ ತಂಡಗಳು ಮುಗಿಸುವ ತನಕ ಬೇರೆ ಯಾರೂ ನೀರಿಗೆ ಇಳಿಯುವಂತಿಲ್ಲ. 2001ರಲ್ಲಿ ಜಪಾನಿನ ಫುಕುವೋಕಾದಲ್ಲಿ ಆಸ್ಟ್ರೇಲಿಯಾದ ಮಹಿಳೆಯರು 4x200 ರಿಲೇಯಲ್ಲಿ ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದರು. ಖುಷಿ ತಡೆಯಲಾಗದೆ ಕೊಳಕ್ಕೆ ಹಾರಿದರು. ಉಳಿದ ತಂಡಗಳು ಇನ್ನೂ ಈಜುತ್ತಿದ್ದವು. ಚಿನ್ನ ಕೈತಪ್ಪಿತು.

ಚಿತ್ತಾದೆಲ್ಲಾದ ಹುಡುಗ

ಫ್ರಿಗೊ ಹುಟ್ಟಿದ್ದು 1997ರ ಫೆಬ್ರುವರಿ 18ರಂದು, ಉತ್ತರ ಇಟಲಿಯ ವೆನೆಟೊ ಪ್ರಾಂತ್ಯದ ಚಿತ್ತಾದೆಲ್ಲಾದಲ್ಲಿ. ಪಾದುವಾ ಜಿಲ್ಲೆಗೆ ಸೇರಿದ ಸಣ್ಣ ಊರು. ಮಧ್ಯಯುಗದ ಕೋಟೆಗೋಡೆ ಊರಿನ ಸುತ್ತ ಇಂದಿಗೂ ಗಟ್ಟಿಯಾಗಿ ನಿಂತಿದೆ, ಅದರ ಮೇಲೆ ನಡೆದು ಊರನ್ನು ಒಂದು ಸುತ್ತು ಹಾಕಬಹುದು. ಅವರು ಈಜುವುದು ಫ್ಯಾಮೆ ಓರೊ ಪರವಾಗಿ. ಅದು ಇಟಲಿಯ ಪೊಲೀಸ್ ಇಲಾಖೆಯ ಕ್ರೀಡಾ ತಂಡ. ನಮ್ಮಲ್ಲಿ ರೈಲ್ವೆ, ಸರ್ವಿಸಸ್ ತಂಡಗಳು ಕ್ರೀಡಾಪಟುಗಳಿಗೆ ಕೆಲಸ ಕೊಟ್ಟು ಸಾಕುವ ಹಾಗೆಯೇ ಅಲ್ಲಿ ಪೊಲೀಸ್, ಸೇನೆ, ಕಾರಾಬಿನಿಯೇರಿ ಎಂಬ ಸಶಸ್ತ್ರ ಪೊಲೀಸ್ ಪಡೆ ಸಾಕುತ್ತವೆ. ಇಟಲಿಯ ಈಜನ್ನು ಅರ್ಥ ಮಾಡಿಕೊಳ್ಳಲು ಇದು ಮುಖ್ಯ. ಜಾಹೀರಾತಿನ ದುಡ್ಡು ಬರುವುದು ಒಬ್ಬರೇ ಗೆಲ್ಲುವ ತಾರೆಗಳಿಗೆ. ರಿಲೇಯ ಮೂರನೇ, ನಾಲ್ಕನೇ ಈಜುಗಾರರಿಗೆ ಆ ದಾರಿ ಅಷ್ಟು ಸುಲಭವಲ್ಲ. ತಿಂಗಳ ಸಂಬಳ ಬಂದರೆ ಮಾತ್ರ ಅವರು ಮೂವತ್ತರ ವಯಸ್ಸಿನ ತನಕ ದಿನಾ ಬೆಳಗ್ಗೆ ನೀರಿಗೆ ಇಳಿಯಬಲ್ಲರು.

ಫ್ರಿಗೊ ಜೊತೆ ಹೆಚ್ಚು ಸಲ ಕಟ್ಟೆ ಹತ್ತಿದ ಮೂವರನ್ನೂ ಪರಿಚಯ ಮಾಡಿಕೊಳ್ಳಬೇಕು. ಅಲೆಸ್ಸಾಂಡ್ರೊ ಮಿರೆಸ್ಸಿ ತುರಿನ್ ನಗರದವರು, ಎತ್ತರ ಎರಡು ಮೀಟರಿಗೂ ಜಾಸ್ತಿ. 2018ರಲ್ಲಿ ಗ್ಲಾಸ್ಗೋದಲ್ಲಿ 100 ಮೀಟರ್ ಫ್ರೀಸ್ಟೈಲ್‌ನ ಯುರೋಪಿಯನ್ ಚಾಂಪಿಯನ್ ಆದವರು. ಥಾಮಸ್ ಚೆಕ್ಕೋನ್ ನಿಜವಾಗಿ ಬ್ಯಾಕ್‌ಸ್ಟ್ರೋಕ್‌ನ, ಅಂದ್ರೆ ಅಂಗಾತ ಈಜುವ ಶೈಲಿಯ ದೊಡ್ಡ ಹೆಸರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಅವರದ್ದು. ಲೊರೆಂಜೊ ಝಜ್ಜೇರಿ ಫ್ಲಾರೆನ್ಸ್‌ನವರು, ಈಜಿನ ಜೊತೆಗೆ ಚಿತ್ರಕಲೆಯಲ್ಲೂ ಹೆಸರು ಮಾಡಿದವರು. ಒಬ್ಬರು ತುರಿನ್‌ನಲ್ಲಿ, ಒಬ್ಬರು ವೆರೋನಾದಲ್ಲಿ, ಒಬ್ಬರು ಫ್ಲಾರೆನ್ಸ್‌ನಲ್ಲಿ ಬೆಳೆದ ಈಜುಗಾರರು. ದಿನವೂ ಒಂದೇ ಕೊಳದಲ್ಲಿ ಅಭ್ಯಾಸ ಮಾಡಿದ ತಂಡ ಇದಲ್ಲ. ವರ್ಷಕ್ಕೆ ಕೆಲವು ಸಲ ಸೇರಿ ಒಬ್ಬರ ಲಯ ಇನ್ನೊಬ್ಬರು ಕಲಿತ ತಂಡ.

ಇಟಲಿಗೆ ಈ ಸ್ಪರ್ಧೆಯ ಹಂಬಲ ಹೊಸದೇನಲ್ಲ. ಪೆಸಾರೊದ ಫಿಲಿಪ್ಪೊ ಮಾನ್ಯೀನಿ 2005ರಲ್ಲೂ 2007ರಲ್ಲೂ 100 ಮೀಟರ್ ಫ್ರೀಸ್ಟೈಲ್‌ನ ವಿಶ್ವ ಚಾಂಪಿಯನ್. ಅವರಿದ್ದ ತಂಡ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 4x200 ರಿಲೇಯ ಕಂಚು ತಂದಿತು. 4x100ರಲ್ಲಿ 2007ರ ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿಯೂ ಬಂತು. ಆದರೆ ಮಾರನೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಅಮೆರಿಕದ ಜೇಸನ್ ಲೇಝಾಕ್ ಕೊನೆಯ ನೂರು ಮೀಟರನ್ನು 46.06ರಲ್ಲಿ ಈಜಿ ಫ್ರಾನ್ಸ್ ಕೈಯಿಂದ ಚಿನ್ನ ಕಿತ್ತುಕೊಂಡ ಆ ಫೈನಲ್ ಜಗತ್ತಿಗೇ ನೆನಪಿದೆ. ಅದೇ ಫೈನಲ್‌ನಲ್ಲಿ ಇಟಲಿ ವೇದಿಕೆಯ ಹೊರಗೆ ನಿಂತಿತ್ತು. 4x100 ಫ್ರೀಸ್ಟೈಲ್‌ನಲ್ಲಿ ಒಂದು ಒಲಿಂಪಿಕ್ ಪದಕ ಅಂತ ಇಟಲಿ ಇನ್ನೂ 13 ವರ್ಷ ಕಾಯಬೇಕಾಯಿತು.

ಟೋಕಿಯೊ: ಒಂದು ಗೇಣಿನ ಬೆಳ್ಳಿ

ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋದ ಟೋಕಿಯೊ ಒಲಿಂಪಿಕ್ಸ್. 2021ರ ಜುಲೈ 25ರ ಸಂಜೆ ಹೀಟ್ಸ್, ಅಂದ್ರೆ ಫೈನಲ್‌ಗೆ ತಂಡಗಳನ್ನು ಆರಿಸುವ ಸುತ್ತು. 16 ತಂಡಗಳು, ಫೈನಲ್‌ಗೆ 8. ಇಟಲಿ 3 ನಿಮಿಷ 10.29 ಸೆಕೆಂಡಿನಲ್ಲಿ ಮುಗಿಸಿ ಎಲ್ಲ ತಂಡಗಳಿಗಿಂತ ಮುಂದೆ ನಿಂತಿತು. ಆ ಸಂಜೆ ಚೆಕ್ಕೋನ್ ರಿಲೇಯಲ್ಲಿ ಇರಲಿಲ್ಲ. ಅವರ ಜಾಗದಲ್ಲಿ ಈಜಿದ್ದು ಸಾಂಟೊ ಕೊಂಡೊರೆಲ್ಲಿ. ಜಪಾನಿನಲ್ಲೇ ಹುಟ್ಟಿದವರು, 2016ರ ರಿಯೊದಲ್ಲಿ ಕೆನಡಾ ಪರವಾಗಿ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ನಾಲ್ಕನೇ ಸ್ಥಾನ ಪಡೆದು, ಆಮೇಲೆ ಇಟಲಿಗೆ ಬಂದವರು.

ರಿಲೇಯಲ್ಲಿ ಹೀಟ್ಸ್‌ಗೂ ಫೈನಲ್‌ಗೂ ಈಜುಗಾರರನ್ನು ಬದಲಾಯಿಸಬಹುದು. ದೊಡ್ಡ ತಂಡಗಳು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ, ವೇಗದವರಿಗೆ ಹೀಟ್ಸ್‌ನಲ್ಲಿ ವಿಶ್ರಾಂತಿ ಕೊಡುತ್ತವೆ. ತಂಡ ಪದಕ ಗೆದ್ದರೆ ಹೀಟ್ಸ್‌ನಲ್ಲಿ ಮಾತ್ರ ಈಜಿದವರಿಗೂ ಅದೇ ಪದಕ ಸಿಗುತ್ತದೆ, ಆದರೆ ವೇದಿಕೆ ಹತ್ತುವುದು ಫೈನಲ್‌ನ ನಾಲ್ವರು ಮಾತ್ರ. ಬರೀ ರಿಲೇಗೆಂದು ಒಲಿಂಪಿಕ್ಸ್‌ಗೆ ಕರೆದೊಯ್ದವರನ್ನು ನೀರಿಗೆ ಇಳಿಸಲೇಬೇಕೆಂಬ ನಿಯಮವೂ ಇದೆ. ಸುಮ್ನೆ ಕರೆದುಕೊಂಡು ಹೋಗಿ ಗ್ಯಾಲರಿಯಲ್ಲಿ ಕೂರಿಸುವಂತಿಲ್ಲ.

ಮಾರನೇ ದಿನ ಬೆಳಗ್ಗೆ ಫೈನಲ್. ಅಮೆರಿಕದ ಟಿವಿ ಸಮಯಕ್ಕೆ ಹೊಂದಲಿ ಅಂತ ಟೋಕಿಯೊದಲ್ಲಿ ಈಜಿನ ಫೈನಲ್‌ಗಳನ್ನು ಬೆಳಗ್ಗೆ ಇಟ್ಟಿದ್ದರು. ಚೆಕ್ಕೋನ್‌ಗೆ ಅದೇ ಬೆಳಗ್ಗೆ ಬ್ಯಾಕ್‌ಸ್ಟ್ರೋಕ್ ಸೆಮಿಫೈನಲ್ ಕೂಡ ಇತ್ತು. ಎರಡನ್ನೂ ಈಜಿದರು. ಕ್ರಮ ಹೀಗಿತ್ತು: ಮಿರೆಸ್ಸಿ, ಚೆಕ್ಕೋನ್, ಝಜ್ಜೇರಿ, ಕೊನೆಗೆ ಫ್ರಿಗೊ.

ಈಗ ಅಂಕಿಗಳನ್ನು ನಿಧಾನವಾಗಿ ನೋಡೋಣ. ಮಿರೆಸ್ಸಿ 47.72. ಚೆಕ್ಕೋನ್ 47.45. ಝಜ್ಜೇರಿ 47.31. ಮುನ್ನೂರು ಮೀಟರ್ ಮುಗಿದಾಗ ಇಟಲಿಯ ಗಡಿಯಾರದಲ್ಲಿ 2 ನಿಮಿಷ 22.48 ಸೆಕೆಂಡು. ಅಮೆರಿಕ ಅದಕ್ಕಿಂತ ಬರೀ 0.20 ಸೆಕೆಂಡು ಮುಂದೆ. ಆಸ್ಟ್ರೇಲಿಯಾ ಇಟಲಿಗಿಂತ 1.30 ಸೆಕೆಂಡು ಹಿಂದೆ. ನೂರು ಮೀಟರ್ ಈಜಿನಲ್ಲಿ 1.30 ಸೆಕೆಂಡು ಅಂದ್ರೆ ತುಂಬಾ ದೊಡ್ಡ ಅಂತರ, ಹತ್ತಿರ ಹತ್ತಿರ ಎರಡೂ ಮುಕ್ಕಾಲು ಮೀಟರ್. ಆದರೆ ಆಸ್ಟ್ರೇಲಿಯಾದ ಕಟ್ಟೆಯ ಮೇಲೆ ನಿಂತಿದ್ದವರು ಕೈಲ್ ಚಾಮರ್ಸ್, ರಿಯೊದ 100 ಮೀಟರ್ ಚಾಂಪಿಯನ್. ರಿಲೇಯ ಕೊನೆಯ ನೂರು ಮೀಟರ್‌ನಲ್ಲಿ ಹಿಂದಿನಿಂದ ಬಂದು ಹಿಡಿಯುವುದರಲ್ಲಿ ನಮ್ಮ ಕಾಲದಲ್ಲಿ ಅವರಿಗೆ ಸಾಟಿಯಾದವರು ಬಹಳ ಕಡಿಮೆ.

ಫ್ರಿಗೊ ಸ್ಥಿತಿ ನೋಡಿ. ಮುಂದೆ ಅಮೆರಿಕದ ಝ್ಯಾಕ್ ಆ್ಯಪಲ್, ಹಿಂದೆ ಚಾಮರ್ಸ್. ಇಬ್ಬರೂ ಅವರಿಗಿಂತ ವೇಗದವರು, ಅದು ಅವರಿಗೂ ಗೊತ್ತು. ಇಂಥ ಹೊತ್ತಿನಲ್ಲಿ ಕೊನೆಯ ಈಜುಗಾರರು ಮಾಡುವ ಸಾಮಾನ್ಯ ತಪ್ಪು ಒಂದಿದೆ. ಮುಂದಿನವರನ್ನು ಹಿಡಿಯುವ ಹುಮ್ಮಸ್ಸಿನಲ್ಲಿ ಮೊದಲ 50 ಮೀಟರನ್ನು ಅತಿ ವೇಗವಾಗಿ ಈಜಿಬಿಡುತ್ತಾರೆ. ಕೊನೆಯ 15 ಮೀಟರ್‌ನಲ್ಲಿ ಕೈ ಮೇಲೇಳುವುದಿಲ್ಲ, ಹಿಂದಿನವರು ಹಿಡಿದುಬಿಡುತ್ತಾರೆ. ಫ್ರಿಗೊ ತಮ್ಮ ಅಳತೆಯಲ್ಲೇ ಈಜಿದರು. ಆ್ಯಪಲ್ 46.69ರಲ್ಲಿ ಮುಗಿಸಿ ಅಮೆರಿಕಕ್ಕೆ 3 ನಿಮಿಷ 8.97 ಸೆಕೆಂಡಿನ ಚಿನ್ನ ಕೊಟ್ಟರು. ಚಾಮರ್ಸ್ 46.44 ಈಜಿದರು. ಫ್ರಿಗೊ 47.63. ಚಾಮರ್ಸ್ 1.30ರ ಅಂತರದಲ್ಲಿ 1.19 ಸೆಕೆಂಡನ್ನು ವಾಪಸ್ ಪಡೆದರು. ಉಳಿದದ್ದು 0.11. ಆ ವೇಗದಲ್ಲಿ ಅದು ಸುಮಾರು 23 ಸೆಂಟಿಮೀಟರ್, ಸರಿಯಾಗಿ ಒಂದು ಗೇಣು. ಇಟಲಿ 3 ನಿಮಿಷ 10.11, ಆಸ್ಟ್ರೇಲಿಯಾ 3 ನಿಮಿಷ 10.22. ಈ ಸ್ಪರ್ಧೆಯಲ್ಲಿ ಇಟಲಿಯ ಮೊದಲ ಒಲಿಂಪಿಕ್ ಪದಕ ಅದು.

ಈ ಫೈನಲ್‌ನಲ್ಲಿ ಇನ್ನೊಂದು ಸಂಗತಿ ಅಡಗಿದೆ, ನನಗೆ ಅತಿ ಇಷ್ಟವಾದದ್ದು ಅದೇ. ಇಟಲಿಯ ನಾಲ್ವರಲ್ಲಿ ಅತಿ ವೇಗದ ಸಮಯಕ್ಕೂ ಅತಿ ನಿಧಾನದ ಸಮಯಕ್ಕೂ ಇದ್ದ ವ್ಯತ್ಯಾಸ ಬರೀ 0.41 ಸೆಕೆಂಡು. ಅದರಲ್ಲೂ ನಿಧಾನದ 47.72 ಮಿರೆಸ್ಸಿಯದು, ಅವರು ಸದ್ದು ಕೇಳಿ ಜಿಗಿದವರು. ಅಂದ್ರೆ ನಾಲ್ವರಲ್ಲಿ ನಿಜವಾಗಿ ಬಲಶಾಲಿ ಅವರೇ. ಆಸ್ಟ್ರೇಲಿಯಾದಲ್ಲಿ ಚಾಮರ್ಸ್ 46.44, ಮೂರನೆಯ ಈಜುಗಾರ 48.16. ವ್ಯತ್ಯಾಸ 1.72. ಚಾಮರ್ಸ್‌ನಂಥವರು ಇಟಲಿಯಲ್ಲಿ ಇರಲಿಲ್ಲ. 48 ದಾಟುವವರೂ ಇರಲಿಲ್ಲ. ಟೋಕಿಯೊದಲ್ಲಿ 100 ಮೀಟರ್ ಫ್ರೀಸ್ಟೈಲ್‌ನ ಚಿನ್ನ ಅಮೆರಿಕದ ಕ್ಯಾಲೆಬ್ ಡ್ರೆಸೆಲ್‌ಗೆ, ಬೆಳ್ಳಿ ಚಾಮರ್ಸ್‌ಗೆ ಹೋಯಿತು. ಇಟಲಿಯಿಂದ ಆ ಫೈನಲ್‌ನಲ್ಲಿ ಇದ್ದವರು ಮಿರೆಸ್ಸಿ ಒಬ್ಬರೇ, 47.86ರಲ್ಲಿ ಆರನೇ ಸ್ಥಾನ. ರಿಲೇಯಲ್ಲಿ ತಾವೇ ಈಜಿದ್ದ 47.72ಕ್ಕಿಂತ ಅದು ನಿಧಾನ. ಸಂಗಾತಿಗಳು ಹಿಂದೆ ಕಾಯುತ್ತಿದ್ದಾಗ ಅವರು ಜಾಸ್ತಿ ವೇಗವಾಗಿ ಈಜಿದ್ದರು.

ಪದಕ ಅನ್ನೋದು ನಾಲ್ಕು ಅಂಕಿಗಳ ಮೊತ್ತಕ್ಕೆ ಸಿಗುತ್ತದೆ. ಹೊಸ ತಾರೆಯನ್ನು ಹುಟ್ಟಿಸುವುದು ಯಾವ ಫೆಡರೇಷನ್ ಕೈಯಲ್ಲೂ ಇಲ್ಲ. ಆದರೆ ಮೂರನೆಯವರನ್ನು, ನಾಲ್ಕನೆಯವರನ್ನು ಅರ್ಧ ಸೆಕೆಂಡು ಮೇಲೆತ್ತುವುದು ಕೈಯಲ್ಲಿದೆ. 46.9 ಈಜುವವರನ್ನು 46.7ಕ್ಕೆ ತರಲು ವರ್ಷಗಟ್ಟಲೆ ಬೇಕು. 48.3ರವರನ್ನು 47.8ಕ್ಕೆ ತರುವುದು ಅದಕ್ಕಿಂತ ಹಗುರ, ಮೊತ್ತಕ್ಕೆ ಸಿಗುವ ಲಾಭವೂ ಜಾಸ್ತಿ. ಇಟಲಿ ಹಿಡಿದದ್ದು ಈ ದಾರಿ. ಫ್ರಿಗೊ ಆ ದಾರಿಯ ಫಲ.

ರೋಮ್, ಆಮೇಲೆ ಪ್ಯಾರಿಸ್

2022ರಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ರೋಮ್‌ನ ಫೋರೊ ಇತಾಲಿಕೊ ಕೊಳದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್. ತಮ್ಮ ಜನರ ಎದುರು ಮಿರೆಸ್ಸಿ, ಚೆಕ್ಕೋನ್, ಝಜ್ಜೇರಿ, ಫ್ರಿಗೊ 3 ನಿಮಿಷ 10.50ರಲ್ಲಿ ಚಿನ್ನ ಗೆದ್ದರು. ಆ ಕೊಳಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ಹಿಂದಿನ ವರ್ಷ ಜೂನ್‌ನಲ್ಲಿ ಅಲ್ಲಿ ನಡೆದ ಸೆಟ್ಟೆ ಕೊಲ್ಲಿ ಕೂಟದಲ್ಲೇ ನಮ್ಮ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಅರ್ಹತೆ ಮುಟ್ಟಿದ್ದು.

2023ರಲ್ಲಿ ಫುಕುವೋಕಾದಲ್ಲಿ ಬೆಳ್ಳಿ, ಆಸ್ಟ್ರೇಲಿಯಾಕ್ಕಿಂತ 0.33 ಸೆಕೆಂಡು ಹಿಂದೆ, ಅಮೆರಿಕಕ್ಕಿಂತ ಮುಂದೆ. 2024ರಲ್ಲಿ ದೋಹಾದಲ್ಲಿ ಚೀನಾ ಹಿಂದೆ ಮತ್ತೆ ಬೆಳ್ಳಿ. ಪ್ರತಿ ಸಲವೂ ಚಿನ್ನ ಗೆದ್ದವರು ಬದಲಾದರು, ವೇದಿಕೆಯಲ್ಲಿ ಇಟಲಿ ಮಾತ್ರ ಇದ್ದೇ ಇತ್ತು. ಈ ಖಾಯಂ ಹಾಜರಿ ಸಣ್ಣ ಸಾಧನೆಯಲ್ಲ. ಒಬ್ಬ ತಾರೆಯನ್ನು ನಂಬಿದ ತಂಡ ಆ ತಾರೆಗೆ ಜ್ವರ ಬಂದರೆ ಕುಸಿಯುತ್ತದೆ.

ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ 2024ರ ಜುಲೈ 27ರಂದು. ಝಜ್ಜೇರಿ ಜಾಗಕ್ಕೆ ಪಾವೊಲೊ ಕೊಂಟೆ ಬೊನಿನ್ ಬಂದಿದ್ದರು. ಚೀನಾ ಪರವಾಗಿ ಮೊದಲು ಜಿಗಿದವರು ಪಾನ್ ಝಾನ್‌ಲೆ. 46.92, ಒಲಿಂಪಿಕ್ ದಾಖಲೆ. ಮಿರೆಸ್ಸಿ 48.04. ಅಂದ್ರೆ ಮೊದಲ ನೂರು ಮೀಟರ್‌ನಲ್ಲೇ ಇಟಲಿ ಚೀನಾಕ್ಕಿಂತ 1.12 ಸೆಕೆಂಡು ಹಿಂದೆ ಬಿದ್ದಿತ್ತು. ಉಳಿದ ಮೂವರು ಅಷ್ಟನ್ನೂ ತೀರಿಸಿ ಮೇಲೆ 0.58 ಗಳಿಸಬೇಕಾಯಿತು, ಗಳಿಸಿದರು. ಇಟಲಿ 3 ನಿಮಿಷ 10.70, ಚೀನಾ 3 ನಿಮಿಷ 11.28. ಜಗತ್ತಿನ ಅತಿ ವೇಗದ ಈಜುಗಾರ ಇದ್ದ ತಂಡಕ್ಕೆ ನಾಲ್ಕನೇ ಸ್ಥಾನ, ಇಟಲಿಗೆ ಕಂಚು. ಅದಾಗಿ ನಾಲ್ಕು ದಿನಕ್ಕೆ ಪಾನ್ ಒಬ್ಬರೇ ಈಜಿ 46.40ರ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು.

ಆ ಸಂಜೆ ಕೊನೆಯ ನೂರು ಮೀಟರ್‌ಗೆ ಫ್ರಿಗೊ ಜಿಗಿದಾಗ ಇಟಲಿ ಆಸ್ಟ್ರೇಲಿಯಾಕ್ಕಿಂತ 0.12 ಸೆಕೆಂಡು ಮುಂದಿತ್ತು. ಪಕ್ಕದ ತಂಡದ ಕೊನೆಯ ಈಜುಗಾರ ಮತ್ತೆ ಚಾಮರ್ಸ್. ಫ್ರಿಗೊ 47.06 ಈಜಿದರು. ಟೋಕಿಯೊಕ್ಕಿಂತ 0.57 ಸೆಕೆಂಡು ವೇಗ. ಇಟಲಿಯ ನಾಲ್ವರಲ್ಲಿ ಅದೇ ಅತಿ ಒಳ್ಳೆಯ ಸಮಯ, ಚೆಕ್ಕೋನ್‌ರನ್ನೂ ಮೀರಿದ್ದು. ಚಾಮರ್ಸ್ 46.59 ಈಜಿ ಅವರನ್ನು ದಾಟಿದರು. ಟೋಕಿಯೊದಲ್ಲಿ 47.63 ಈಜಿದಾಗ ಬೆಳ್ಳಿ ಉಳಿದಿತ್ತು, ಪ್ಯಾರಿಸ್‌ನಲ್ಲಿ 47.06 ಈಜಿದಾಗ ಕಂಚು ಸಿಕ್ಕಿತು. ರಿಲೇ ಈಜುಗಾರರ ಬದುಕಿನಲ್ಲಿ ಇದು ಕಠಿಣವಾದ ಸಂಗತಿ. ನಾವು ಎಷ್ಟು ಚೆನ್ನಾಗಿ ಈಜಿದೆವು ಅನ್ನೋದನ್ನು ಪದಕದ ಬಣ್ಣ ಹೇಳುವುದಿಲ್ಲ. ಹಾಗಾಗಿ ಫ್ರಿಗೊ ಅವರ ಬೆಳವಣಿಗೆಯನ್ನು ಪದಕಪಟ್ಟಿಯಲ್ಲಿ ಹುಡುಕಿದರೆ ತಪ್ಪು ಉತ್ತರ ಸಿಗುತ್ತದೆ. ಅವರ ನೂರು ಮೀಟರ್‌ನ ಸಮಯ ನೋಡಬೇಕು. ಪ್ಯಾರಿಸ್‌ನದ್ದು ಅವರ ದೊಡ್ಡ ಈಜು.

ಈಜುಗಾರರ ಕ್ರಮವನ್ನು ಯಾಕೆ ಹೀಗೆ ಇಡುತ್ತಾರೆ ಅನ್ನೋದೂ ಈಗ ಅರ್ಥವಾಗುತ್ತದೆ. ಮೊದಲು ಬಲಶಾಲಿ, ಏಕೆಂದರೆ ಮುಂದೆ ಇದ್ದವರಿಗೆ ಕಲಕದ ನೀರು ಸಿಗುತ್ತದೆ. ಹಿಂದೆ ಬಿದ್ದವರು ಪಕ್ಕದ ಲೇನ್‌ಗಳ ಅಲೆಗಳಲ್ಲಿ ಈಜಬೇಕು, ತಿರುವಿನಲ್ಲಿ ಗೋಡೆಯಿಂದ ವಾಪಸ್ ಬರುವ ಅಲೆ ಎದೆಗೆ ಹೊಡೆಯುತ್ತದೆ. ಅನುಭವ ಕಡಿಮೆ ಇರುವವರನ್ನು ಸಾಮಾನ್ಯವಾಗಿ ನಡುವೆ ಇಡುತ್ತಾರೆ. ಕೊನೆಗೆ ಬರುವವರ ವಿಷಯದಲ್ಲಿ ವೇಗ ಒಂದೇ ಸಾಲದು. ಪಕ್ಕದ ಲೇನ್‌ನಲ್ಲಿ ಚಾಮರ್ಸ್ ಬಂದರೂ ತನ್ನ ಕೈಬೀಸಿನ ಲಯ ಕೆಡಬಾರದು. ಚೆಕ್ಕೋನ್‌ರಂಥ ಒಲಿಂಪಿಕ್ ಚಾಂಪಿಯನ್ ಇದ್ದೂ ಇಟಲಿ ಮತ್ತೆ ಮತ್ತೆ ಫ್ರಿಗೊ ಅವರನ್ನು ಕೊನೆಗೆ ಇಟ್ಟದ್ದು ಇದಕ್ಕೇ ಅಂತ ನಾನು ಓದಿಕೊಳ್ಳುತ್ತೇನೆ.

2025ರ ಜುಲೈನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್. ಈ ಸಲ ಇಟಲಿ ಪರ ಮೊದಲು ಜಿಗಿದವರು 18ರ ಕಾರ್ಲೋಸ್ ಡಿ’ಆಂಬ್ರೋಸಿಯೊ. ಆಮೇಲೆ ಚೆಕ್ಕೋನ್, ಝಜ್ಜೇರಿ, ಫ್ರಿಗೊ. ಸಮಯ 3 ನಿಮಿಷ 9.58, ಟೋಕಿಯೊದ ರಾಷ್ಟ್ರೀಯ ದಾಖಲೆಯನ್ನು ಅರ್ಧ ಸೆಕೆಂಡಿಗೂ ಜಾಸ್ತಿ ಹಿಂದಿಕ್ಕಿತು. ಆಸ್ಟ್ರೇಲಿಯಾ ಪರ ಕೊನೆಗೆ ಈಜಿದ್ದು ಈಗಲೂ ಚಾಮರ್ಸ್, 3 ನಿಮಿಷ 8.97ರಲ್ಲಿ ಚಿನ್ನ ಅವರಿಗೆ. ಇಟಲಿಗೆ ಬೆಳ್ಳಿ. ಅಮೆರಿಕ ಬರೀ 0.06 ಸೆಕೆಂಡಿನಿಂದ ಕಂಚಿಗೆ ಇಳಿಯಿತು.

ಆ ಫೈನಲ್‌ನಲ್ಲಿ ಇಟಲಿಯ ಸರಾಸರಿ ಒಬ್ಬರಿಗೆ 47.4 ಸೆಕೆಂಡು. ಇದನ್ನು ಇನ್ನೂ ಸಮವಾಗಿ ಹಂಚಿ ಮುಂದೆ ಹೋಗುವುದು ಕಷ್ಟ. ಬೆಳ್ಳಿಯಿಂದ ಚಿನ್ನಕ್ಕೆ ಹೋಗಲು 0.6 ಸೆಕೆಂಡು ಬೇಕು, ಅದಕ್ಕೆ ಈ ಸಲ ಚಾಮರ್ಸ್‌ನಂಥ ಒಬ್ಬರು ಬೇಕಾಗಬಹುದು. ಡಿ’ಆಂಬ್ರೋಸಿಯೊ ಆ ಈಜುಗಾರ ಆಗಬಹುದು ಅಂತ ನನಗೆ ಆಸೆ ಇದೆ. 2028ರ ಲಾಸ್ ಏಂಜಲೀಸ್ ಹೊತ್ತಿಗೆ ಅವರಿಗೆ 21, ಫ್ರಿಗೊಗೆ 31 ದಾಟಿರುತ್ತದೆ. ಮಿರೆಸ್ಸಿ, ಕೊಂಟೆ ಬೊನಿನ್, ಲಿಯೊನಾರ್ಡೊ ಡೆಪ್ಲಾನೊ ಎಲ್ಲರೂ ಇದೇ ನಾಲ್ಕು ಜಾಗಗಳಿಗೆ ಪೈಪೋಟಿ ಮಾಡುವವರು. ಒಂದು ದೇಶದಲ್ಲಿ ಫೈನಲ್‌ನ ನಾಲ್ಕನೇ ಜಾಗಕ್ಕೆ ಇಷ್ಟು ಜನ ನಿಂತಿದ್ದಾರೆ ಅಂದ್ರೆ, ಆ ಜಾಗ ಉಳಿಸಿಕೊಳ್ಳಲು ಫ್ರಿಗೊ ಮತ್ತೆ 47ರ ಹತ್ತಿರ ಈಜಲೇಬೇಕು.